ಚಿನ್ನದ ಗಣಿ ಮುಚ್ಚಿದ ಮೇಲೆ ವೆಲ್ಕಮ್‌ನಲ್ಲಿ ಗ್ಯಾಂಗ್‌ವಾರ್, ಕೆಜಿಎಫ್‌ನಲ್ಲಿ ಯಾಕಿಲ್ಲ?

ಬಂಗಾರಪೇಟೆ ಜಂಕ್ಷನ್
ಸ್ಟಿಲ್‌ಫಾಂಟೇನ್ ವಿಷಯ ಇಲ್ಲಿ ಯಾರೂ ಎತ್ತಿಲ್ಲ, ಅದಕ್ಕೆ ನಾನೇ ಎತ್ತುತ್ತಿದ್ದೀನಿ. ದಕ್ಷಿಣ ಆಫ್ರಿಕಾದ ಪಾಳುಬಿದ್ದ ಚಿನ್ನದ ಗಣಿ ಅದು. ಒಳಗೆ ಕದ್ದು ಅಗೆಯುತ್ತಿದ್ದವರನ್ನು ಹೊರಗೆ ತರಿಸೋಕೆ ಅಂತ 2024ರ ಆಗಸ್ಟ್‌ನಿಂದ ಪೊಲೀಸರು ಊಟ ನೀರು ಕೆಳಗೆ ಹೋಗದ ಹಾಗೆ ಕಾವಲು ಕೂತರು. ಕೋರ್ಟಿಗೆ ಹೋಗಿ ಬಡಿದಾಡಿದ ಮೇಲೆ 2025ರ ಜನವರಿಯಲ್ಲಿ ಕೇಜು (ಜನರನ್ನು ಇಳಿಸಿ ಏರಿಸೋ ಪಂಜರ) ಇಳಿಸಿದರೆ ಮೇಲೆ ಬಂದದ್ದು 78 ಹೆಣ. ಬದುಕಿ ಬಂದವರು 246 ಜನ, ಅವರಲ್ಲೂ ಎಷ್ಟೋ ಜನಕ್ಕೆ ನಿಲ್ಲೋಕೆ ತ್ರಾಣ ಇರಲಿಲ್ಲ.

ಅದನ್ನು ಓದ್ತಾ ಓದ್ತಾ ಅದೇ ದೇಶದ ವೆಲ್ಕಮ್ ಅನ್ನೋ ಊರಿನ ಕಥೆಗೆ ಹೋದೆ. ಅದೂ ಚಿನ್ನದ ಊರೇ. ಗಣಿಗಳು ಒಂದೊಂದೇ ಮುಚ್ಚಿದ ಮೇಲೆ ಅಲ್ಲಿ ಬಂದೂಕು ಹಿಡಿದ ಗುಂಪುಗಳು, ಸುರಂಗದೊಳಗೇ ಗುಂಡಿನ ಕಾಳಗ, ಊರಲ್ಲಿ ಸುಲಿಗೆ.

ಕೆಜಿಎಫ್ ಕೂಡ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕ್ತು. ನೂರಿಪ್ಪತ್ತು ವರ್ಷ ನಡೆದ ಗಣಿ ಒಂದು ದಿನ ಬೆಳಗಾಗೋದ್ರೊಳಗೆ ಇಲ್ಲ. ಬಡತನ ಅಲ್ಲೂ ಬಂತು, ಇಲ್ಲೂ ಬಂತು. ಆದರೆ ನಮ್ಮಲ್ಲಿ ಆ ಮಟ್ಟದ ರಕ್ತಪಾತ ಆಗಲಿಲ್ಲ. ಯಾಕೆ? ಅಲ್ಲಿ ಇದ್ದು ಬಂದವರು, ಕೆಜಿಎಫ್‌ನವರು ಹೇಳಿ.

ವಿತಂಡವಾದಿ
ನಮ್ಮ ಜನ ಒಳ್ಳೆಯವರು. ಮುಗೀತು. ಥ್ರೆಡ್ ಲಾಕ್ ಮಾಡಿ.

ಟಿಂಬರ್‌ಮ್ಯಾನ್ ಮಗ
ವಿತಂಡಣ್ಣ, ಒಳ್ಳೆಯವರು ಕೆಟ್ಟವರು ಅನ್ನೋದೆಲ್ಲ ಬಿಡಿ. ನಮ್ಮನ್ನು ಉಳಿಸಿದ್ದು ರೈಲು.

ನಾನು ಚಾಂಪಿಯನ್ ರೀಫ್ ಲೈನ್ ಮನೆಯಲ್ಲಿ ಹುಟ್ಟಿದವನು. ಮನೆಮಾತು ತಮಿಳು, ಓದಿದ್ದು ಕನ್ನಡ. ಅಪ್ಪ ಅಂಡರ್‌ಗ್ರೌಂಡಿನಲ್ಲಿ ಟಿಂಬರ್‌ಮ್ಯಾನ್, ಅಂದರೆ ಸುರಂಗ ಕುಸಿಯದ ಹಾಗೆ ಮರದ ಆಸರೆ ಕೊಡೋನು. ಗಣಿ ಮುಚ್ಚಿದಾಗ ಕೆಲಸದಲ್ಲಿ ಇದ್ದದ್ದೇ ನಾಲ್ಕು ಸಾವಿರದೊಳಗೆ, ಅದಕ್ಕೂ ಒಂದು ತಲೆಮಾರು ಮುಂಚೆ ಇದ್ದ ಜನ ಎಷ್ಟೋ ಪಟ್ಟು. ಮುಚ್ಚಿದ ಮೇಲೆ ಮನೆಮನೆಯಿಂದ ಗಂಡಸರು ಹೆಂಗಸರು ಎಲ್ಲ ಮಾರಿಕುಪ್ಪಂನಿಂದ ಬೆಂಗಳೂರಿಗೆ ಬೆಳಗಿನ ರೈಲು ಹತ್ತೋಕೆ ಶುರು ಮಾಡಿದರು. ಬೆಳಕು ಹರಿಯೋ ಮುಂಚೆ ಸ್ಟೇಷನ್ನಿಗೆ ಬಂದರೆ ಕಣ್ಣಿಗೆ ಬೀಳೋದು ಟಿಫಿನ್ ಕ್ಯಾರಿಯರ್‌ಗಳೇ. ಬೋಗಿಯಲ್ಲಿ ಸೀಟು ಹಿಡಿಯೋಕೆ ಕಿಟಕಿಯಿಂದ ಕರ್ಚೀಫು ಎಸೆಯೋದು, ಬಾಗಿಲ ಹತ್ತಿರ ಪೇಪರ್ ಹಾಸಿಕೊಂಡು ಇಸ್ಪೀಟು, ಒಂದು ಬೋಗಿಯಲ್ಲಿ ಭಜನೆ, ಇನ್ನೊಂದರಲ್ಲಿ ಹೂ ಕಟ್ಟೋ ಅಕ್ಕಂದಿರು. ಕೆಲಸ ಅಂದರೆ ಸೆಕ್ಯುರಿಟಿ ಗಾರ್ಡ್, ಗಾರ್ಮೆಂಟ್ಸ್, ಹೌಸ್‌ಕೀಪಿಂಗ್, ಪೇಂಟಿಂಗ್. ಸಂಬಳ ಕಡಿಮೆ, ಆದರೆ ತಿಂಗಳಿಗೊಮ್ಮೆ ತಪ್ಪದೆ ಬರೋದು.

ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಒಂಬತ್ತೂವರೆಗೆ ಮನೆ ಸೇರೋನಿಗೆ ಗ್ಯಾಂಗ್ ಕಟ್ಟೋಕೆ ಟೈಮ್ ಎಲ್ಲಿಂದ ಬರುತ್ತೆ ಗುರು?

ಜೋಬರ್ಗ್ ಕನ್ನಡಿಗ
ನಾನು ಇಲ್ಲಿ ಪಂಪ್ ಮಾರೋ ಕೆಲಸದಲ್ಲಿದ್ದೀನಿ. ವೆಲ್ಕಮ್, ವರ್ಜೀನಿಯಾ, ಕಾರ್ಲ್‌ಟನ್‌ವಿಲ್ ಕಡೆ ಓಡಾಟ ಇದೆ. ಟಿಂಬರ್‌ಮ್ಯಾನ್ ಮಗ ಹೇಳಿದ ರೈಲಿನ ಮಾತಿಗೆ ನನ್ನ ಓಟು.

ವೆಲ್ಕಮ್ಮಿಂದ ಜೊಹಾನ್ಸ್‌ಬರ್ಗ್ ಎರಡೂವರೆ ನೂರು ಕಿಲೋಮೀಟರಿಗೂ ಜಾಸ್ತಿ. ದಿನಾ ಹೋಗಿ ಬರೋ ಮಾತೇ ಇಲ್ಲ. ಹೋದರೂ ಅಲ್ಲೇನು ಕೆಲಸ ಕಾಯ್ತಾ ಕೂತಿಲ್ಲ, ದೇಶದ ನಿರುದ್ಯೋಗ ನೂರಕ್ಕೆ ಮೂವತ್ತಕ್ಕಿಂತ ಮೇಲೆ. ಇನ್ನೊಂದು ವಿಷಯ: ಗಣಿಯಲ್ಲಿ ದುಡಿದವರಲ್ಲಿ ಎಷ್ಟೋ ಜನ ಆ ಊರಿನವರೇ ಅಲ್ಲ. 1980ರ ದಶಕದ ಕೊನೆಗೆ ಲೆಸೋಥೋ ಅನ್ನೋ ಪುಟ್ಟ ದೇಶ ಒಂದರಿಂದಲೇ ಲಕ್ಷಕ್ಕೂ ಮೀರಿ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಲ್ಲಿದ್ದರು. ಹೆಂಡತಿ ಮಕ್ಕಳು ಅಲ್ಲಿ, ಇವರು ಇಲ್ಲಿ ಹಾಸ್ಟೆಲ್‌ನಲ್ಲಿ. ಕೆಲಸ ಹೋದ ಮೇಲೆ ಊರಿಗೆ ಹೋದರೆ ಅಲ್ಲಿ ಕಲ್ಲು, ಕುರಿ ಬಿಟ್ಟರೆ ಏನೂ ಇಲ್ಲ. ಗೊತ್ತಿರೋ ವಿದ್ಯೆ ಒಂದೇ, ಬಂಡೆ ಒಡೆಯೋದು. ವಾಪಸ್ ಬಂದರು, ಈ ಸಲ ಕಳ್ಳದಾರಿಯಲ್ಲಿ. ಇವರನ್ನೇ ಝಾಮಾ ಝಾಮಾ ಅನ್ನೋದು.

ಒಳಗಿನ ಬದುಕು ಹೇಗಿರುತ್ತೆ ಅಂದರೆ, ಒಂದು ಸಲ ಇಳಿದರೆ ತಿಂಗಳುಗಟ್ಟಲೆ ಮೇಲೆ ಬರೋದಿಲ್ಲ. ಬ್ರೆಡ್ಡು, ಮೀನಿನ ಡಬ್ಬ, ಟಾರ್ಚಿನ ಬ್ಯಾಟರಿ ಎಲ್ಲ ಮೇಲಿಂದ ಗುಂಪಿನವರೇ ಇಳಿಸಬೇಕು, ಬೆಲೆ ಅಂಗಡಿಯದಕ್ಕಿಂತ ಹಲವು ಪಟ್ಟು. ಹಾಗಾಗಿ ಅಗೆಯೋನು ಇಳಿದ ದಿನದಿಂದಲೇ ಸಾಲಗಾರ. ಸಿಕ್ಕ ಕಲ್ಲನ್ನು ಕುಟ್ಟಿ, ಕಬ್ಬಿಣದ ಗುಂಡು ಹಾಕಿದ ಪೀಪಾಯಿಯಲ್ಲಿ ಕೈಯಿಂದ ತಿರುಗಿಸಿ ಹಿಟ್ಟು ಮಾಡ್ತಾರೆ. ಅದಕ್ಕೆ ಪಾದರಸ ಹಾಕಿ ಬಟ್ಟೆಯಲ್ಲಿ ಹಿಂಡಿ ಉಳಿದದ್ದನ್ನು ಸುಡ್ತಾರೆ. ಆ ಹೊಗೆ ಕುಡಿದೇ ಎಷ್ಟು ಜನ ಹಾಳಾದರೋ. ಈ ಇಡೀ ಸರಪಳಿಯಲ್ಲಿ ಬಂದೂಕು ಇರೋದು ಅಗೆಯೋನ ಕೈಯಲ್ಲಿ ಅಲ್ಲ, ಶಾಫ್ಟ್ (ಗಣಿಗೆ ಇಳಿಯೋ ಬಾವಿ) ಬಾಯಿ ಕಾಯೋನ ಕೈಯಲ್ಲಿ. ಗುಂಪು ಗುಂಪಿನ ನಡುವೆ ಹೊಡೆದಾಟ ಆಗೋದೂ ಅದಕ್ಕೇ, ಯಾವ ಬಾಯಿ ಯಾರದ್ದು ಅಂತ.

ಬಂಗಾರಪೇಟೆ ಜಂಕ್ಷನ್
@ಜೋಬರ್ಗ್ ಕನ್ನಡಿಗ ಸಾರ್, ಸ್ಟಿಲ್‌ಫಾಂಟೇನ್‌ನಲ್ಲಿ ಮುಖ್ಯ ಆರೋಪಿ ಸಿಕ್ಕಿದ ಅಂತ ಓದಿದ ನೆನಪು?

ಜೋಬರ್ಗ್ ಕನ್ನಡಿಗ
ಸಿಕ್ಕಿದ. "ಟೈಗರ್" ಅಂತ ಅಡ್ಡಹೆಸರು. ಮೇಲೆ ಬಂದವನು ಪೊಲೀಸರ ಕೈಯಿಂದಲೇ ಮಾಯ ಆದ. ಠಾಣೆಗೆ ತಲುಪಲೇ ಇಲ್ಲ. ಇನ್ನೇನು ಹೇಳಲಿ.

ವಿತಂಡವಾದಿ
ಅಯ್ಯೋ, ಇದು ಮಾತ್ರ ಥೇಟ್ ನಮ್ಮೂರು 😂

ಲೆಕ್ಕದ ಮೇಷ್ಟ್ರು
ರೈಲಿನ ವಾದ ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ಚಿನ್ನದ ರೇಟು ಯಾರೂ ನೋಡಲಿಲ್ಲವಲ್ಲ.

ಚಿನ್ನ ಬೇರೆ ಲೋಹದ ಹಾಗಲ್ಲ. ಕಷ್ಟಕಾಲದಲ್ಲಿ ಕಬ್ಬಿಣದ ರೇಟು ಬೀಳುತ್ತೆ, ತಾಮ್ರದ್ದು ಬೀಳುತ್ತೆ, ಚಿನ್ನದ್ದು ಏರುತ್ತೆ. ಊರಿನ ಜೇಬು ಖಾಲಿಯಾದ ಹೊತ್ತಿಗೇ ಕಾಲಡಿಯ ಬಂಡೆ ದುಬಾರಿ ಆಗುತ್ತೆ. ಈಗ ಎರಡೂ ಕಡೆ ಇಸವಿ ಇಟ್ಟು ನೋಡಿ. ಕೆಜಿಎಫ್ ಮುಚ್ಚಿದ 2001ರಲ್ಲಿ ಚಿನ್ನ ತಳ ಕಂಡಿತ್ತು. ಔನ್ಸಿಗೆ 270 ಡಾಲರ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಹತ್ತು ಗ್ರಾಂಗೆ ನಾಲ್ಕು ಸಾವಿರ ಚಿಲ್ಲರೆ. ಒಂದು ಟನ್ ಬಂಡೆಯಲ್ಲಿ ಕೆಲವೇ ಗ್ರಾಂ ಸಿಗೋ ಗಣಿಗೆ ಮೂರು ಕಿಲೋಮೀಟರ್ ಆಳಕ್ಕೆ ಯಾವ ಕಳ್ಳ ಇಳಿತಾನೆ? ಪಂಪ್ ನಿಲ್ಲಿಸಿದರು, ನೀರು ತುಂಬಿತು. 2008ರ ಕುಸಿತದ ನಂತರ ರೇಟು ಹಾರೋ ಹೊತ್ತಿಗೆ ಕೆಳಗೆಲ್ಲ ಕೆರೆ.

ವೆಲ್ಕಮ್‌ನಲ್ಲಿ ಹಾಗಲ್ಲ. ಅಲ್ಲಿ ಪಕ್ಕದ ಗಣಿ ಇನ್ನೂ ನಡೀತಿರುತ್ತೆ, ಸುರಂಗಗಳು ಒಂದಕ್ಕೊಂದು ಕೂಡಿಕೊಂಡಿವೆ. ನಡೆಯೋ ಗಣಿಯ ಪಂಪು, ಗಾಳಿ, ಕೇಜು ಎಲ್ಲ ಕಳ್ಳನಿಗೂ ಬಿಟ್ಟಿ. 2009ರಲ್ಲಿ ಎಲಾಂಡ್ ಶಾಫ್ಟ್‌ನಲ್ಲಿ ಬೆಂಕಿ ಬಿದ್ದು 80ಕ್ಕೂ ಹೆಚ್ಚು ಜನ ಸತ್ತರು. ಅದೇ ಜಾಗದಲ್ಲಿ 2017ರಲ್ಲಿ ಗ್ಯಾಸ್ ಸಿಡಿದು ಇನ್ನೂ ಮೂವತ್ತು ಚಿಲ್ಲರೆ. ಆದರೂ ಇಳಿಯೋದು ನಿಲ್ಲಲಿಲ್ಲ. ರೇಟು ಹಾಗಿದೆ.

ಉರಿಗಾಂ ಹುಡ್ಗ
ಮೇಷ್ಟ್ರೇ, ಕೆಜಿಎಫ್‌ನಲ್ಲಿ ಯಾರೂ ಇಳಿದಿಲ್ಲ ಅನ್ನೋ ಹಾಗಿಲ್ಲ. 2020ರ ಮೇ, ಲಾಕ್‌ಡೌನ್ ಟೈಮು. ಮಾರಿಕುಪ್ಪಂ ಕಡೆ ಹಳೇ ಗಣಿಗೆ ಕಲ್ಲು ಕದಿಯೋಕೆ ಇಳಿದ ಗುಂಪಿನಲ್ಲಿ ಮೂವರು ಒಳಗೇ ಉಸಿರುಕಟ್ಟಿ ಸತ್ತರು. ಆಗ ರೈಲು ನಿಂತಿತ್ತು ಅನ್ನೋದನ್ನೂ ನೆನಪಿಟ್ಟುಕೊಳ್ಳಿ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಸಾಬೀತು ಮಾಡೋಕೆ ನನ್ನಿಂದ ಆಗಲ್ಲ. ನನಗನಿಸಿದ್ದು ಹೇಳಿದೆ, ಅಷ್ಟೇ.

ಟಿಂಬರ್‌ಮ್ಯಾನ್ ಮಗ
👆 ಇದು ಪಾಯಿಂಟು.

ಸಂಡೂರ ಮಂದಿ
ನಮ್ ಕಡೆ ಪೂರಾ ಉಲ್ಟಾ ಐತ್ರಿ. ನೀವೆಲ್ಲ ಬಡತನ ಬಂದ್ರ ಗಲಾಟಿ ಬರ್ತೈತಿ ಅಂತೀರಿ. ಬಳ್ಳಾರ್ಯಾಗ ರೊಕ್ಕ ಬಂದಾಗ ಬಂತು ಗಲಾಟಿ.

ಚೀನಾದವ್ರು ಒಲಿಂಪಿಕ್ಸ್ ಸಲುವಾಗಿ ಅದಿರು ಕೇಳಾಕ ಹತ್ತಿದ ಕಾಲ. ಹೊಲದಾಗ ಮ್ಯಾಲಿನ ಮಣ್ಣು ಕೆದರಿ ಮಾರಿದವ್ರನ್ನ ನಾ ನೋಡೀನಿ, ಶೇಂಗಾ ಬೆಳಿಯೋ ಹೊಲ. ಹಗಲು ರಾತ್ರಿ ಲಾರಿ, ಮನಿ ಗ್ವಾಡಿ, ಗಿಡ, ಎಮ್ಮಿ ಎಲ್ಲ ಕೆಂಪು. ಕೊಲೆಗಿಲೆ ಹೋಗ್ಲಿ, ನಮ್ ಊರಾಗ ಲಾರಿ ಗಾಲಿಗೆ ಸಿಕ್ಕು ಸತ್ತವ್ರೇ ಜಾಸ್ತಿ. ಅದನ್ನ ಯಾರೂ ಕ್ರೈಮ್ ಅಂತ ಬರಕೊಳ್ಳಲಿಲ್ಲ. ಗಡಿ ಕಲ್ಲು ಕಿತ್ತು ಒಗೆದ್ರು, ಸುಗ್ಗಲಮ್ಮನ ಗುಡಿನೂ ಸಿಡಿಸಿ ಉರುಳಿಸಿದ್ರು. ಗನ್‌ಮ್ಯಾನ್ ಇಟ್ಕೊಳ್ಳೋದು ಒಂದು ಶೋಕಿ ಆಗಿತ್ತು.

2011ರ ಜುಲೈದಾಗ ಲೋಕಾಯುಕ್ತ ವರದಿ ಬಂತು, 16,085 ಕೋಟಿ ಲುಕ್ಸಾನ ಅಂತ. ಅದರ ಬೆನ್ನಿಗೇ ಸುಪ್ರೀಂ ಕೋರ್ಟು ಬಂದ್ ಮಾಡಿಸ್ತು. ಆಮ್ಯಾಲೆ ಬಂತ್ರಿ ಬಡತನ. ಸಾಲ ಮಾಡಿ ಲಾರಿ ತಗೊಂಡ ಹುಡುಗರ ಮನಿಮುಂದ ಫೈನಾನ್ಸಿನವ್ರು ನಿಂತ್ರು. ಲಾರಿ ಗುಜರಿಗೆ ಹೋತು. ಆದ್ರ ಆಗ ಊರು ತಣ್ಣಗಾತು. ಹೊಡೆದಾಡಾಕ ಏನರ ಇರಬೇಕಲ್ಲ?

ಲೆಕ್ಕದ ಮೇಷ್ಟ್ರು
ಸಂಡೂರಿನವರು ನನ್ನ ಮಾತನ್ನೇ ನನಗಿಂತ ಚೆನ್ನಾಗಿ ಹೇಳಿದರು. ಜನರ ಕೈಯಲ್ಲಿ ಕಾಸು ಇದೆಯೋ ಇಲ್ಲವೋ ಅನ್ನೋದಕ್ಕಿಂತ, ನೆಲದಲ್ಲಿರೋದಕ್ಕೆ ರೇಟು ಇದೆಯೋ ಇಲ್ಲವೋ, ಅದನ್ನು ಕಾಯೋ ಕಾನೂನು ಗಟ್ಟಿಯಾಗಿದೆಯೋ ಟೊಳ್ಳೋ, ಅದರ ಮೇಲೆ ನಿಂತಿದೆ.

ಗಿರ್ಮಿಟ್ ಪ್ರಿಯ
ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಅದಿರೇ ಹಡಗು ಹತ್ತಿ ಹೋಯ್ತಲ್ಲ 2010ರಲ್ಲಿ. ಲಕ್ಷಗಟ್ಟಲೆ ಟನ್. ಅದನ್ನೂ ಸೇರಿಸ್ಕೊಳ್ಳಿ. ಜೇಬುಗಳ್ಳ ಸಿಕ್ಕರೆ ಕಂಬಕ್ಕೆ ಕಟ್ಟಿ ಹೊಡಿತೀವಿ ನಾವು.

ಸುಮಾ, ಆಂಡರ್ಸನ್‌ಪೇಟೆ
ಎಲ್ಲ ಗಂಡಸರೇ ಮಾತಾಡ್ತಿದ್ದೀರಿ, ಅದಕ್ಕೆ ನಾನೊಂದು ಹೇಳ್ತೀನಿ.

ಕೆಜಿಎಫ್‌ನಲ್ಲಿ ಹಿಂಸೆ ಆಗಲಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿರಿ. ಬೀದಿಯಲ್ಲಿ ಆಗಲಿಲ್ಲ ಅನ್ನಿ, ಒಪ್ತೀನಿ. ಲೈನ್ ಮನೆ ಅಂದರೆ ಒಂದು ಕೋಣೆ, ಪಕ್ಕದ ಮನೆಗೂ ನಮಗೂ ನಡುವೆ ಒಂದು ತಟ್ಟಿ. ಆ ಕಡೆ ಪಾತ್ರೆ ಬಿದ್ದರೆ ಈ ಕಡೆ ಮಗು ಎದ್ದು ಕೂರುತ್ತೆ. 2001ರ ನಂತರದ ಐದಾರು ವರ್ಷ ನಮ್ಮ ಸಾಲಿನಲ್ಲಿ ಕೇಳಿಸಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. ಸೆಟ್ಲ್‌ಮೆಂಟ್ ದುಡ್ಡು ಕೆಲವರಿಗೆ ಲೇಟು, ಬಂದವರದ್ದು ಮೊದಲು ಸಾರಾಯಿ ಅಂಗಡಿಗೆ, ಆಮೇಲೆ ಮೀಟರ್ ಬಡ್ಡಿಯವನಿಗೆ. ಕೆಲಸ ಇದ್ದ ಗಂಡಸು ಕುಡಿದು ಬಂದರೆ ಮಲಗ್ತಿದ್ದ. ಕೆಲಸ ಹೋದವನು ಕುಡಿದರೆ ಹೊಡಿತಿದ್ದ. ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗಿ ಸಂಬಳ ತಂದರೆ ಅದಕ್ಕೊಂದು ಅನುಮಾನ, ಅದಕ್ಕೊಂದು ಹೊಡೆತ. ಯಾವ ಠಾಣೆಯಲ್ಲೂ ಇದು ದಾಖಲಾಗಿಲ್ಲ. ಹೋದವರಿಗೂ "ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ" ಅಂತಲೇ ಹೇಳಿ ಕಳಿಸ್ತಿದ್ದರು.

2007ರ ಜುಲೈನಲ್ಲಿ ಸಾರಾಯಿ ಬಂದ್ ಆಯ್ತು. ಪೂರ್ತಿ ನಿಲ್ತು ಅನ್ನೋಲ್ಲ, ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು. ಆದರೂ ನಮ್ಮ ಸಾಲಿಗೆ ಒಂದಿಷ್ಟು ನಿದ್ದೆ ಬಂತು.

ಟಿಂಬರ್‌ಮ್ಯಾನ್ ಮಗ ಅವರೇ, ರೈಲು ಉಳಿಸಿತು ಅಂದಿರಿ, ಸರಿ. ಆ ರೈಲಿಗೆ ಮೊದಲು ಹತ್ತಿದ್ದು ಯಾರು? ನಮ್ಮ ಮನೆಯಲ್ಲಂತೂ ಅಮ್ಮ. ಅಪ್ಪ ಹತ್ತಿದ್ದು ಅದಾಗಿ ಎಷ್ಟೋ ಕಾಲದ ಮೇಲೆ, "ನಾನು ಮೈನಿಂಗ್ ಮನುಷ್ಯ, ಗೇಟ್ ಕಾಯಲ್ಲ" ಅಂತ ಹಠ ಹಿಡಿದು ಸೋತ ಮೇಲೆ.

ಟಿಂಬರ್‌ಮ್ಯಾನ್ ಮಗ
ಸುಮಕ್ಕ, ನಮ್ಮನೆಯಲ್ಲೂ ಅಮ್ಮನೇ. ನೀವು ಹೇಳಿದ್ದರಲ್ಲಿ ಒಂದು ಅಕ್ಷರ ತೆಗೆಯೋ ಹಾಗಿಲ್ಲ.

ವಿತಂಡವಾದಿ
ಮೇಡಂ ಹೇಳಿದ್ದು ಸರಿ. ಆದರೆ ಮನೆಯೊಳಗಿನದ್ದು ಬೇರೆ, ಗ್ಯಾಂಗ್ ಬೇರೆ. ಎರಡನ್ನೂ ಕಲಸಿದರೆ ಚರ್ಚೆ ಹಳ್ಳ ಹಿಡಿಯುತ್ತೆ.

ಸುಮಾ, ಆಂಡರ್ಸನ್‌ಪೇಟೆ
ಹೊಡೆಸಿಕೊಂಡವರಿಗೆ ಬೇರೆ ಅನಿಸಲ್ಲ ಸಾರ್.

ನಿವೃತ್ತ ಖಾಕಿ
ಇಲಾಖೆಯಲ್ಲಿ ಇದ್ದವನು, ಕೋಲಾರ ಕಡೆಯೂ ಕೆಲಸ ಮಾಡಿದ್ದೇನೆ. ಎರಡು ಮಾತು.

ಒಂದು, ಕೆಜಿಎಫ್‌ಗೆ ಪ್ರತ್ಯೇಕ ಪೊಲೀಸ್ ಜಿಲ್ಲೆ ಇದೆ, ಎಸ್ಪಿ ಬೇರೆ. ರಾಜ್ಯದಲ್ಲಿ ಒಂದು ತುಂಡು ಪ್ರದೇಶಕ್ಕೆ ಹೀಗೆ ಇರುವುದು ಅಪರೂಪ. ಗಣಿ ಕಾಲದ ಬಳುವಳಿ. ಹಳೇ ಮೈಸೂರು ಸರ್ಕಾರ ಚಿನ್ನದ ಕಳ್ಳತನಕ್ಕೆಂದೇ ಬಿಗಿ ಕಾನೂನು ಮಾಡಿತ್ತು. ಜೇಬಲ್ಲಿ ಅದಿರು ಸಿಕ್ಕರೆ ಸಾಕು, ಎಲ್ಲಿಂದ ಬಂತು ಅಂತ ಉತ್ತರ ಕೊಡಬೇಕಾಗಿತ್ತು. ಅಂದರೆ ವೆಲ್ಕಮ್ ತರಹ ಊರನ್ನು ಬಿಟ್ಟು ಎಲ್ಲರೂ ಎದ್ದು ಹೋಗಲಿಲ್ಲ, ಖಾಕಿ ಅಲ್ಲೇ ಉಳಿಯಿತು.

ಎರಡು, ಕಳ್ಳತನ ಆಗಲೇ ಇಲ್ಲ ಅನ್ನಬೇಡಿ. ಚಿನ್ನ ಅಲ್ಲ, ಗುಜರಿ. ತಾಮ್ರದ ಕೇಬಲ್, ಪೈಪು, ಹಳಿ, ಮೋಟಾರು. ಕೇಬಲ್ ಸುಟ್ಟು ತಾಮ್ರ ತೆಗೆಯುವ ರಬ್ಬರ್ ಹೊಗೆ ರಾತ್ರಿ ದೂರದಿಂದಲೇ ಮೂಗಿಗೆ ಬಡಿಯುತ್ತಿತ್ತು, ಅದೇ ನಮಗೆ ಸುಳಿವು. ಹೋಗುವಷ್ಟರಲ್ಲಿ ಬೂದಿ ಬಿಸಿಯಾಗಿರುತ್ತಿತ್ತು, ಹುಡುಗರು ಇರುತ್ತಿರಲಿಲ್ಲ. ಸಿಕ್ಕಿಬಿದ್ದವರು ಹದಿನೇಳು ಹದಿನೆಂಟರ ಮಕ್ಕಳು, ಕೊಂಡವರು ಒಬ್ಬರೂ ಸಿಗುತ್ತಿರಲಿಲ್ಲ. ಚಾಕು ಹಿಡಿದದ್ದೂ ಉಂಟು, ಆದರೆ ಎ.ಕೆ. 47 ಮಟ್ಟಕ್ಕೆ ಏರುವಷ್ಟು ದುಡ್ಡು ಗುಜರಿಯಲ್ಲಿ ಇರಲಿಲ್ಲ.

ಗಿರ್ಮಿಟ್ ಪ್ರಿಯ
ಸಾರ್, ಆ ರೈಲು ಈಗಲೂ ಲೇಟಾ?

ಉರಿಗಾಂ ಹುಡ್ಗ
ಲೇಟ್ ಇಲ್ಲದ ದಿನ ಹೇಳಿ, ಸಿಹಿ ಹಂಚ್ತೀವಿ. ಕಂಟೋನ್ಮೆಂಟ್ ಔಟರ್‌ನಲ್ಲಿ ನಿಂತರೆ ಬಯೋಮೆಟ್ರಿಕ್ ಪಂಚ್ ಹೋಯ್ತು ಅಂತಲೇ ಲೆಕ್ಕ.

ಗಿರ್ಮಿಟ್ ಪ್ರಿಯ
ಹಂಗಾದ್ರೆ ಅರ್ಧ ದಿನದ ಸಂಬಳ ಕಟ್. ಯಾವ ಗ್ಯಾಂಗೂ ಇಷ್ಟು ಸಲೀಸಾಗಿ ಸುಲಿಗೆ ಮಾಡಿರಲ್ಲ 😄

ಕೆಂಪು ದೀಪ
ಇಡೀ ಥ್ರೆಡ್‌ನಲ್ಲಿ ಕಾರ್ಮಿಕ ಕೊಲ್ಲೋನು, ಪೊಲೀಸು ಕಾಯೋನು ಅಂತ ಲೆಕ್ಕ ಹಾಕ್ಕೊಂಡು ಕೂತಿದ್ದೀರಿ. ಇತಿಹಾಸ ಸ್ವಲ್ಪ ತಿರುಗಿಸಿ. 1930ರಲ್ಲಿ, ಲೋಕಕ್ಕೆಲ್ಲ ಆರ್ಥಿಕ ಮುಗ್ಗಟ್ಟು ಬಡಿದ ಹೊತ್ತಲ್ಲಿ, ಕೆಜಿಎಫ್ ಕಾರ್ಮಿಕರು ಬೆರಳಚ್ಚು ಕೊಡೋಲ್ಲ ಅಂತ ಗಣಿ ನಿಲ್ಲಿಸಿದರು. ಕಳ್ಳರ ಹಾಗೆ ಹೆಬ್ಬೆಟ್ಟು ಯಾಕೆ ಕೊಡಬೇಕು ಅನ್ನೋದು ಪ್ರಶ್ನೆ. 1946ರ ನವೆಂಬರ್ 4ಕ್ಕೆ ಪೊಲೀಸ್ ಗೋಲಿಬಾರ್, ಆರು ಜನ ಕಾರ್ಮಿಕರು ಸತ್ತರು. ಇವತ್ತಿಗೂ ಪ್ರತಿ ವರ್ಷ ಆ ದಿನ ಅಲ್ಲಿ ಹೂ ಇಡ್ತಾರೆ. ದಕ್ಷಿಣ ಆಫ್ರಿಕಾದ ಮರಿಕಾನಾದಲ್ಲಿ 2012ರ ಆಗಸ್ಟ್ 16ಕ್ಕೆ ಕೂಲಿ ಹೆಚ್ಚಿಸಿ ಅಂದ 34 ಜನರನ್ನು ಪೊಲೀಸರು ಹೊಡೆದು ಹಾಕಿದರು. ಗಣಿ ಸೀಮೆಯ ಹಿಂಸೆ ಅಂದರೆ ಬರೀ ಝಾಮಾ ಝಾಮಾ ಅಲ್ಲ ಸ್ವಾಮಿ.

ನಿವೃತ್ತ ಖಾಕಿ
ಮರಿಕಾನಾದಲ್ಲಿ ಗೋಲಿಬಾರ್‌ಗೆ ಮುಂಚಿನ ವಾರ ಸತ್ತವರಲ್ಲಿ ಇಬ್ಬರು ಪೊಲೀಸರೂ ಇದ್ದರು, ಸೆಕ್ಯುರಿಟಿಯವರೂ ಇದ್ದರು. ಅದನ್ನೂ ಬರೆಯಿರಿ.

ಕೆಂಪು ದೀಪ
ಬರೀತೀನಿ. ಆ ವಾರ ಎಲ್ಲ ಸೇರಿ ಸತ್ತವರು ಹತ್ತು, 16ನೇ ತಾರೀಕು ಒಂದೇ ದಿನ 34. ಈಗ ತಕ್ಕಡಿ ನೀವೇ ಹಿಡೀರಿ.

ವಿತಂಡವಾದಿ
ಆದರೂ ವಲಸಿಗರೇ ಸಮಸ್ಯೆ ಅಂತ ಜೋಬರ್ಗ್ ಅಣ್ಣನೇ ಹೇಳಿದ್ದಲ್ವಾ? ಹೊರಗಿನವರು ಬಂದರು, ಹಾಳಾಯ್ತು.

ಜೋಬರ್ಗ್ ಕನ್ನಡಿಗ
ನಾನು ಹಾಗೆ ಎಲ್ಲಿ ಹೇಳಿದೆ ಮಾರಾಯ? ಹೊರಗಿನವರು ಬಂದು ಕಟ್ಟಿದ್ದೇ ಆ ಗಣಿಗಳು. ಅಷ್ಟಕ್ಕೂ ನಾನೇ ಇಲ್ಲಿ ಹೊರಗಿನವನು.

ಒಂದು ಘಟನೆ ಹೇಳ್ತೀನಿ. 2022ರ ಜುಲೈನಲ್ಲಿ ಕ್ರೂಗರ್ಸ್‌ಡಾರ್ಪ್ ಹತ್ತಿರ ಗಣಿ ಮಣ್ಣಿನ ದಿಬ್ಬದ ಬಳಿ ಹಾಡಿನ ಶೂಟಿಂಗ್‌ಗೆ ಹೋದ ಎಂಟು ಹೆಣ್ಣುಮಕ್ಕಳ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು. ಇಡೀ ದೇಶ ಕುದ್ದುಹೋಯ್ತು. ಪೊಲೀಸರು ಸಿಕ್ಕ ಸಿಕ್ಕ ಝಾಮಾ ಝಾಮಾಗಳನ್ನು ಎಂಬತ್ತಕ್ಕೂ ಹೆಚ್ಚು ಜನ ಹಿಡಿದರು, ಊರವರು ಬಡಿಗೆ ಹಿಡಿದು ಗುಡಿಸಲು ಸುಟ್ಟರು. ಕೆಲವು ತಿಂಗಳಲ್ಲಿ ಅತ್ಯಾಚಾರದ ಆರೋಪ ಹೊತ್ತವರ ಮೇಲಿನ ಕೇಸು ಬಿದ್ದುಹೋಯ್ತು, ಡಿಎನ್‌ಎ ಹೊಂದಲಿಲ್ಲ. ಆ ಎಂಟು ಜನಕ್ಕೆ ನ್ಯಾಯ ಸಿಗಲಿಲ್ಲ. ಹೊರಗಿನವರು ಅಂತ ಒಂದು ಸಲ ಬೆರಳು ತೋರಿಸಿದ ಮೇಲೆ ನಿಜವಾದವನನ್ನು ಹುಡುಕೋ ಗರಜು ಯಾರಿಗೂ ಇರಲ್ಲ.

ಗಣಿಯ ಒಳಗೇ ಬಲವಂತವಾಗಿ ಇಳಿಸಲ್ಪಟ್ಟವರೂ ಇದ್ದಾರೆ. ಕೆಲಸ ಕೊಡಿಸ್ತೀವಿ ಅಂತ ಕರೆದುಕೊಂಡು ಬಂದು, ಶಾಫ್ಟ್ ಬಾಯಲ್ಲಿ ಫೋನು ಕಿತ್ತುಕೊಂಡು ಇಳಿಸ್ತಾರೆ. ಅಂಥವನನ್ನು ಅಪರಾಧಿ ಅನ್ನಬೇಕೋ ಜೀತದಾಳು ಅನ್ನಬೇಕೋ?

ಮಾಡರೇಟರ್
ವಲಸಿಗರ ಬಗ್ಗೆ ಬಂದ ಎರಡು ಕಾಮೆಂಟ್ ತೆಗೆದಿದ್ದೀನಿ. ಬೈಯೋಕೆ ಬೇರೆ ಜಾಗ ಇದೆ.

ಬಂಗಾರಪೇಟೆ ಜಂಕ್ಷನ್
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಿಬಿಡ್ತೀನಿ. ಈಗ ಹತ್ತು ಗ್ರಾಂ ಲಕ್ಷ ದಾಟಿದೆ. 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಲ್ಲಿ (ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿ) ಮತ್ತೆ ಚಿನ್ನ ತೆಗೆಯೋಕೆ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟಿದೆ. ಸಾವಿರ ಎಕರೆ ಮೇಲಿದೆ ಆ ಜಾಗ, ಮಣ್ಣು ಮೂರು ಕೋಟಿ ಟನ್ ದಾಟುತ್ತೆ. ಮೇಷ್ಟ್ರ ಲೆಕ್ಕದ ಪ್ರಕಾರ ರೇಟು ಏರಿದೆ, ಜನ ಇನ್ನೂ ರೈಲಲ್ಲೇ ಇದ್ದಾರೆ. ಆ ದಿಬ್ಬಕ್ಕೆ ಬೇಲಿ ಬಿದ್ದ ದಿನ ಏನಾಗುತ್ತೆ?

ಲೆಕ್ಕದ ಮೇಷ್ಟ್ರು
ದಿಬ್ಬದ ಮಣ್ಣಿನಲ್ಲಿ ಚಿನ್ನ ಟನ್ನಿಗೆ ಒಂದು ಗ್ರಾಂ ಸಿಕ್ಕರೆ ಪುಣ್ಯ. ಯಂತ್ರಕ್ಕೆ ಲಾಭ, ಚೀಲದಲ್ಲಿ ಹೊರೋ ಕಳ್ಳನಿಗೆ ಬೆನ್ನುನೋವು. ಹೆದರಬೇಡಿ.

ಉರಿಗಾಂ ಹುಡ್ಗ
ಕಳ್ಳತನ ಅಲ್ಲ ಮೇಷ್ಟ್ರೇ, ಕಾಂಟ್ರಾಕ್ಟು. ಟಿಪ್ಪರ್ ಯಾರದ್ದು, ಸೆಕ್ಯುರಿಟಿ ಟೆಂಡರ್ ಯಾರಿಗೆ, ಲೋಕಲ್ ಹುಡುಗರಿಗೆ ಎಷ್ಟು ಪೋಸ್ಟು. ಜಗಳ ಆದರೆ ಅಲ್ಲೇ ಆಗೋದು.

ಸಂಡೂರ ಮಂದಿ
ಟಿಪ್ಪರ್ ಅಂದ್ರಿ ನೋಡ್ರಿ, ಈಗ ನನಗ ಅಂಜಿಕಿ ಬಂತು. ಸಾಲ ಮಾಡಿ ಗಾಡಿ ತಗೋಬ್ಯಾಡ್ರಪ್ಪ.

ಸುಮಾ, ಆಂಡರ್ಸನ್‌ಪೇಟೆ
ಗಾಳಿ ಬಂದಾಗ ಆ ದಿಬ್ಬದ ಧೂಳು ಬರೋದು ನಮ್ಮ ಅನ್ನದ ತಟ್ಟೆಗೆ. ಕೆದಕಿದರೆ ಇನ್ನೆಷ್ಟು ಏಳುತ್ತೋ. ಟೆಂಡರ್ ಕರೆಯೋವಾಗ ನೀರು ಚಿಮುಕಿಸೋಕೆ ಯಾರನ್ನು ಇಡ್ತಾರೆ ಅಂತ ಯಾರಾದರೂ ಕೇಳಿ.

ವಿತಂಡವಾದಿ
ಮೇಡಂ, ಆ ಕೆಲಸಕ್ಕಾದರೂ ಲೋಕಲ್‌ನವರನ್ನೇ ಇಡಬೇಕು ಅಂತ ನಾನೂ ಒಪ್ತೀನಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.